ಕಾಲೇಜು ವಿದ್ಯಾರ್ಥಿಗಳ ಸಮುದಾಯ ಸೇವೆ ಎಂದರೆ ಕಸ ಗುಡಿಸುವುದಷ್ಟೇನಾ? ಯಾವ ವಿಷಯದವರು ಊರಿಗೆ ಏನು ಮಾಡಬಹುದು?

"ಫೀಸು ಕಟ್ಟಿ ಕಾಲೇಜಿಗೆ ಕಳಿಸಿದರೆ, ಮಕ್ಕಳನ್ನು ಹಳ್ಳಿಗೆ ಕರೆದುಕೊಂಡು ಹೋಗಿ ಚರಂಡಿ ತೆಗೆಸುತ್ತಾರೆ." ಪೋಷಕರ ಗುಂಪುಗಳಲ್ಲಿ ಇಂಥ ಮಾತು ಆಗಾಗ ಓಡಾಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ, "ಹಣ ಕಟ್ಟಿ, ಮನೆಯಲ್ಲೇ ಕೂತು ಸಮಾಜಸೇವೆಯ ಸರ್ಟಿಫಿಕೇಟ್ ಪಡೆಯಿರಿ" ಎನ್ನುವ ಮೆಸೇಜುಗಳೂ ಬರುತ್ತವೆ. ಎರಡರಲ್ಲೂ ಒಂದೇ ತಪ್ಪು ತಿಳಿವಳಿಕೆ ಇದೆ: ಸಮುದಾಯ ಸೇವೆಗೂ ಓದಿಗೂ ಸಂಬಂಧವಿಲ್ಲ ಎಂಬುದು. ನಿಜ ಏನು ಎಂದು ನೋಡೋಣ.

ಇದು ಹೊಸದೇನಲ್ಲ

ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ನಮಗೆಲ್ಲ ಗೊತ್ತಿರುವ ಎನ್‌ಎಸ್‌ಎಸ್, ಶುರುವಾದದ್ದು ಗಾಂಧೀಜಿಯ ಜನ್ಮಶತಾಬ್ದಿ ವರ್ಷವಾದ 1969ರ ಸೆಪ್ಟೆಂಬರ್ 24ರಂದು. ಆಗ 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳು ಅದರಲ್ಲಿದ್ದರು. ಬ್ಯಾಡ್ಜಿನಲ್ಲಿರುವುದು ಕೊನಾರ್ಕ್ ಸೂರ್ಯ ದೇವಾಲಯದ ರಥಚಕ್ರ. ಅದರ ಎಂಟು ಅರೆಗಳು ದಿನದ 24 ಗಂಟೆಗಳನ್ನು ಸೂಚಿಸುತ್ತವೆ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ದತ್ತು ಪಡೆದ ಹಳ್ಳಿಯಲ್ಲಿ 7 ದಿನದ ವಿಶೇಷ ಶಿಬಿರ ಇರುತ್ತದೆ.

ಶ್ರಮದಾನ ಆ ಶಿಬಿರದ ಒಂದು ಭಾಗ ಮಾತ್ರ. ಊರಿನ ಸಮೀಕ್ಷೆ, ಆರೋಗ್ಯ ತಪಾಸಣೆ, ಸಾಕ್ಷರತೆ, ಸಸಿ ನೆಡುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಅಷ್ಟಕ್ಕೂ ಚರಂಡಿ ತೆಗೆಯುವುದು ಕೀಳು ಕೆಲಸವೇನಲ್ಲ. ಆದರೆ ರಸಾಯನಶಾಸ್ತ್ರ ಓದುವ 50 ಮಂದಿಯನ್ನು ಒಂದು ವಾರ ಊರಿನಲ್ಲಿಟ್ಟುಕೊಂಡು, ಅಲ್ಲಿನ ಬೋರ್‌ವೆಲ್ ನೀರನ್ನು ಒಮ್ಮೆಯೂ ಪರೀಕ್ಷಿಸದೆ ವಾಪಸ್ ಬಂದರೆ ನಷ್ಟ ಊರಿಗೆ.

ನಂಬಿಕೆ 1: "ಇದು ಸಮಾಜಕಾರ್ಯ ಓದುವವರಿಗೆ ಮಾತ್ರ"

ಅಲ್ಲ. ಸಮಾಜಕಾರ್ಯದಲ್ಲಿ ಕ್ಷೇತ್ರಕಾರ್ಯ ಕಡ್ಡಾಯ ಎನ್ನುವುದು ನಿಜ. ಬೇರೆ ಕೋರ್ಸುಗಳಲ್ಲೂ ಅದು ಇದೆ, ಹೆಸರು ಬೇರೆ ಅಷ್ಟೆ.

ಕೃಷಿ ಪದವಿಯ ಕೊನೆಯ ವರ್ಷದವರು ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡುತ್ತಾರೆ. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಎನ್ನುತ್ತಾರೆ. ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯದ ಮೇಲೆ ಕಣ್ಣಿಡುವ ಪದ್ಧತಿ ಬಂದಿದೆ. ಕಾನೂನು ಕಾಲೇಜುಗಳಲ್ಲಿ ಉಚಿತ ಕಾನೂನು ನೆರವು ಕೇಂದ್ರಗಳಿವೆ. ಬಿ.ಇಡಿ. ಓದುವವರು ಶಾಲೆಗಳಲ್ಲಿ ಪಾಠ ಮಾಡುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಪದವಿ ಶಿಕ್ಷಣದಲ್ಲಿ ಸಮುದಾಯ ಸೇವೆಗೂ ಕ್ರೆಡಿಟ್ ಇರುವ ಯೋಜನೆಗಳು ಇರಬೇಕು ಎಂದು ಹೇಳಿದೆ.

ಹಾಗಾದರೆ ನಮ್ಮ ವಿಷಯದಿಂದ ಊರಿಗೇನು ಉಪಯೋಗ?

ವಾಣಿಜ್ಯ: ಹಳ್ಳಿಯ ಅಜ್ಜಿಯೊಬ್ಬರ ಪಾಸ್‌ಬುಕ್‌ನಲ್ಲಿ "436 ರೂಪಾಯಿ ಕಡಿತ" ಎಂದಿರುತ್ತದೆ. "ಬ್ಯಾಂಕಿನವರು ದುಡ್ಡು ಹೊಡೆದರು" ಎಂದು ಮನೆಯವರು ಬೈದುಕೊಳ್ಳುತ್ತಾರೆ. ಅದು ಬಹುಪಾಲು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ಅಪಘಾತ ವಿಮೆಯದು. ಮೊದಲನೆಯದರಲ್ಲಿ ವಿಮೆದಾರರು ತೀರಿಕೊಂಡರೆ, ಎರಡನೆಯದರಲ್ಲಿ ಅಪಘಾತದಿಂದ ಸಾವಾದರೆ, ನಾಮಿನಿಗೆ 2 ಲಕ್ಷ ರೂಪಾಯಿ ಬರಬೇಕು. ವಿಮೆ ಇರುವುದೇ ಗೊತ್ತಿಲ್ಲದ ಮನೆಯವರು ಹಣ ಕೇಳಲು ಹೋಗುವುದಾದರೂ ಹೇಗೆ? ಬಿ.ಕಾಂ. ವಿದ್ಯಾರ್ಥಿ ಅರ್ಧ ಗಂಟೆ ಕೂತು ಪಾಸ್‌ಬುಕ್ ಓದಿ ಹೇಳಿದರೆ, ಒಂದು ಮನೆಗೆ 2 ಲಕ್ಷದ ದಾರಿ ಗೊತ್ತಾದಂತೆ.

ರಸಾಯನಶಾಸ್ತ್ರ: ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. "ಕುದಿಸಿದರೆ ಫ್ಲೋರೈಡ್ ಹೋಗುತ್ತದೆ" ಎನ್ನುವುದು ಸುಳ್ಳು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹಾಗೇ ಉಳಿಯುತ್ತದೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಸ್ವಲ್ಪ ಹೆಚ್ಚುತ್ತದೆ.

ಕೃಷಿ: ಮಣ್ಣು ಪರೀಕ್ಷೆಗೆ ಹೊಲದ ಒಂದೇ ಮೂಲೆಯಿಂದ ಒಂದು ಹಿಡಿ ಮಣ್ಣು ತಂದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಅಂಕುಡೊಂಕಾಗಿ ನಡೆದು ಹಲವು ಕಡೆ ಸುಮಾರು 15 ಸೆಂ.ಮೀ. ಆಳದ ವಿ ಆಕಾರದ ಗುಂಡಿ ತೆಗೆದು, ಮಣ್ಣನ್ನು ಬೆರೆಸಿ, ಕೊನೆಗೆ ಅರ್ಧ ಕೆ.ಜಿ. ಉಳಿಸಿಕೊಳ್ಳಬೇಕು. ಗೊಬ್ಬರದ ಗುಂಡಿ, ಬದುವಿನ ಪಕ್ಕದ ಮಣ್ಣು ಬೇಡ. ಇದನ್ನು ರೈತರ ಹೊಲದಲ್ಲೇ ಮಾಡಿ ತೋರಿಸಬಹುದು.

ಕಾನೂನು: ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ 15100. ಇದನ್ನು ಮನೆಮನೆಗೆ ತಿಳಿಸುವುದೇ ದೊಡ್ಡ ಕೆಲಸ.

ಕಂಪ್ಯೂಟರ್: ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರಿ ಹೋಗುತ್ತದೆ. ಹಿರಿಯರ ಫೋನಿನಲ್ಲಿ ಈ ನಂಬರ್ ಸೇವ್ ಮಾಡಿಕೊಡಿ.

ಕನ್ನಡ, ಇತಿಹಾಸ: ಗುಡಿಯ ಹಿಂದೆ ಬಟ್ಟೆ ಒಗೆಯುವ ಕಲ್ಲಾಗಿರುವುದು ವೀರಗಲ್ಲೋ ಶಾಸನವೋ ಆಗಿರಬಹುದು. ಫೋಟೋ ತೆಗೆದು, ಜಾಗ ಗುರುತು ಮಾಡಿ, ಊರಿನವರಿಗೆ ಅದರ ಬೆಲೆ ತಿಳಿಸಿದರೆ ಕಲ್ಲು ಉಳಿಯುತ್ತದೆ. ಹಿರಿಯರ ಸೋಬಾನೆ ಪದ, ಬೀಸುವ ಪದಗಳನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳಬಹುದು.

ನಂಬಿಕೆ 2: "ವಿದ್ಯಾರ್ಥಿಗಳೇ ಚಿಕಿತ್ಸೆ ಕೊಡಬಹುದು, ಕೇಸು ನಡೆಸಬಹುದು"

ಇದು ಅಪಾಯಕಾರಿ. ಮೊದಲ ವರ್ಷದ ವೈದ್ಯ ವಿದ್ಯಾರ್ಥಿ ಬಿಪಿ ಅಳೆಯಬಹುದು, ಮಾತ್ರೆ ಬರೆದುಕೊಡುವಂತಿಲ್ಲ. ಬಿಪಿ ಹೆಚ್ಚಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಕಾನೂನು ವಿದ್ಯಾರ್ಥಿ ಅರ್ಜಿ ಬರೆಯಲು ನೆರವಾಗಬಹುದು, ವಕೀಲರಾಗಿ ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ. ವಿದ್ಯಾರ್ಥಿಗಳ ಕಿಟ್‌ನಲ್ಲಿ ನೀರು ಕೆಟ್ಟದ್ದೆಂದು ಬಂದರೆ, ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಹೇಳಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೂ ಸೇವೆಯೇ.

ನಂಬಿಕೆ 3: "ಫೋಟೋ ಮತ್ತು ಸರ್ಟಿಫಿಕೇಟ್ ಇದ್ದರೆ ಸಾಕು"

ಎನ್‌ಎಸ್‌ಎಸ್ ಪ್ರಮಾಣಪತ್ರ ಮಾರಾಟದ ವಸ್ತುವಲ್ಲ. ನಿಗದಿತ ಗಂಟೆ ಕೆಲಸ ಮಾಡಿ, ಶಿಬಿರ ಮುಗಿಸಿದವರಿಗೆ ಅದು ಸಿಗುತ್ತದೆ. ಹಣ ಕಟ್ಟಿಸಿಕೊಂಡು ಎರಡು ದಿನದಲ್ಲಿ ಪಿಡಿಎಫ್ ಕಳಿಸುವವರನ್ನು ನಂಬಬೇಡಿ. ಯಾವ ಅವಕಾಶವೇ ಬಂದರೂ ಕಾಲೇಜಿನ ಕಾರ್ಯಕ್ರಮಾಧಿಕಾರಿಯನ್ನು ಕೇಳಿ.

ಊರಿನವರ ಕಡೆಯಿಂದಲೂ ಯೋಚಿಸಿ. ಪ್ರತಿ ವರ್ಷ ಹೊಸ ತಂಡ ಬರುತ್ತದೆ, "ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯಾ" ಎಂದು ಕೇಳಿ ಬರೆದುಕೊಂಡು ಹೋಗುತ್ತದೆ. ಆ ಹಾಳೆ ಏನಾಯಿತು ಎಂದು ಯಾರೂ ಹೇಳುವುದಿಲ್ಲ. ಮುಂದಿನ ವರ್ಷ ಅವರು ಬಾಗಿಲು ತೆರೆಯದಿದ್ದರೆ ತಪ್ಪು ಅವರದಲ್ಲ.

ಹೋಗುವ ಮೊದಲು ಇಷ್ಟು ನೆನಪಿರಲಿ

• ಊರಿಗೆ ಏನು ಬೇಕು ಎಂದು ಪಂಚಾಯಿತಿ, ಸ್ವಸಹಾಯ ಸಂಘ, ಶಾಲೆಯವರನ್ನು ಮೊದಲೇ ಕೇಳಿ.
• ಒಂದೇ ಕೆಲಸ ಹಿಡಿಯಿರಿ, ಪೂರ್ತಿ ಮಾಡಿ.
• ಆಧಾರ್ ನಂಬರ್, ಒಟಿಪಿ, ಎಟಿಎಂ ಪಿನ್ ಕೇಳಲೇಬೇಡಿ. ನಿಮ್ಮ ಹೆಸರಿನಲ್ಲಿ ಬೇರೆಯವರು ಕೇಳಿದರೂ ಕೊಡಬೇಡಿ ಎಂದು ಹೇಳಿ ಬನ್ನಿ.
• ಒಪ್ಪಿಗೆಯಿಲ್ಲದೆ ಫೋಟೋ ಬೇಡ. ಮಕ್ಕಳು, ರೋಗಿಗಳ ಫೋಟೋ ಸ್ಟೇಟಸ್‌ಗೆ ಹಾಕಬೇಡಿ.
• ಸಮೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ ಒಂದು ಪುಟ ಬರೆದು ಪಂಚಾಯಿತಿಗೆ ಕೊಡಿ, ಊರಿನವರಿಗೆ ಓದಿ ಹೇಳಿ.

ಕೊನೆಯ ಮಾತು

ಸಮುದಾಯ ಸೇವೆ ಓದಿನಿಂದ ಕದ್ದ ಸಮಯವಲ್ಲ. ತರಗತಿಯಲ್ಲಿ ಕಲಿತದ್ದು ಊರಿನಲ್ಲಿ ಕೆಲಸಕ್ಕೆ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಎನ್‌ಎಸ್‌ಎಸ್‌ನ ಘೋಷವಾಕ್ಯದ ಅರ್ಥ "ನಾನಲ್ಲ, ನೀನು" ಎಂದು. ಈ ಲೇಖನವನ್ನು ನಿಮ್ಮ ಮನೆಯ ಕಾಲೇಜು ಮಕ್ಕಳಿಗೆ ಕಳಿಸಿ. ಕಳಿಸುವ ಮೊದಲು ನಿಮ್ಮ ಮನೆಯ ಹಿರಿಯರ ಪಾಸ್‌ಬುಕ್‌ನಲ್ಲಿ 436 ಅಥವಾ 20 ರೂಪಾಯಿ ಕಡಿತವಾಗಿದೆಯೇ ಎಂದು ಒಮ್ಮೆ ನೋಡಿ.