ಕೈಯಲ್ಲಿರುವ ಉಪಕರಣ, ಕೈಗೊಪ್ಪಿಸಿದ ಅಮಾನತ್: ಅಝ್ಝಹ್ರಾವಿ ಕಲಿಸಿದ ಶಸ್ತ್ರಚಿಕಿತ್ಸೆ

ಇಂದಿನ ಆಪರೇಷನ್ ಥಿಯೇಟರಿನಲ್ಲಿ ರೋಗಿ ಮಲಗುವ ಮೇಜಿನ ಮೇಲಕ್ಕೆ ಚಾಚಿಕೊಂಡ ಒಂದು ಚಿಕ್ಕ ಸ್ಟ್ಯಾಂಡ್ ಇರುತ್ತದೆ. ಒಂದು ಬದಿಗೆ ಮಾತ್ರ ಕಾಲು, ಮೇಲೆ ಒಂದು ಸ್ಟೀಲ್ ಟ್ರೇ. ಮೇಯೋ ಸ್ಟ್ಯಾಂಡ್ ಎಂದು ಅದನ್ನು ಕರೆಯುತ್ತಾರೆ. ಚಾಕು, ಕತ್ತರಿ, ಚಿಮಟ, ಕೊಕ್ಕೆ, ಸೂಜಿ ಹಿಡಿಯುವ ಇಕ್ಕಳ ಎಲ್ಲವೂ ಅದರ ಮೇಲೆ ಒಂದು ಕ್ರಮದಲ್ಲಿ ಸಾಲಾಗಿರುತ್ತವೆ. ಸರ್ಜನ್ ಗಾಯದಿಂದ ಕಣ್ಣು ತೆಗೆಯದೆ ಕೈ ಚಾಚುತ್ತಾರೆ. ಪಕ್ಕದಲ್ಲಿ ನಿಂತ ನರ್ಸ್ ಆ ಹೊತ್ತಿಗೆ ಬೇಕಾದ ಉಪಕರಣವನ್ನೇ ಅಂಗೈಯಲ್ಲಿಡುತ್ತಾರೆ. ಶುರುವಾಗುವ ಮೊದಲು ಎಲ್ಲವನ್ನೂ ಎಣಿಸುತ್ತಾರೆ, ಮುಗಿಯುವಾಗ ಮತ್ತೆ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ ಈ ಎಣಿಕೆಯೂ ಸೇರಿದೆ. ರೋಗಿಯನ್ನು ಥಿಯೇಟರಿನಿಂದ ಹೊರಗೆ ಕಳುಹಿಸುವ ಮೊದಲು ಉಪಕರಣ, ಹತ್ತಿಬಟ್ಟೆ, ಸೂಜಿಗಳ ಲೆಕ್ಕ ಸರಿಯಿದೆಯೆಂದು ಬಾಯಿಬಿಟ್ಟು ಹೇಳಬೇಕು.

ಒಂದು ಹತ್ತಿಬಟ್ಟೆ ಹೊಟ್ಟೆಯೊಳಗೆ ಉಳಿದರೂ ಅದು ಪ್ರಾಣಕ್ಕೆ ಎರವಾಗಬಹುದು. ಬೇಕಾದ ಇಕ್ಕಳ ಬೇಕಾದ ಕ್ಷಣದಲ್ಲಿ ಸಿಗದಿದ್ದರೆ ರಕ್ತ ಕಾಯುವುದಿಲ್ಲ. ಆದ್ದರಿಂದ ಯಾವ ಉಪಕರಣ ಯಾವ ಕೆಲಸಕ್ಕೆ, ಅದನ್ನು ಯಾರು ಹಿಡಿಯಬೇಕು, ಹೇಗೆ ಹಿಡಿಯಬೇಕು ಎಂಬುದನ್ನು ತಿಳಿದಿರುವುದು ಶಸ್ತ್ರಚಿಕಿತ್ಸೆಯ ಅರ್ಧ ವಿದ್ಯೆ. ಈ ವಿದ್ಯೆಯನ್ನು ಚಿತ್ರ ಸಮೇತ ಬರೆದಿಟ್ಟು ಮುಂದಿನವರಿಗೆ ಒಪ್ಪಿಸಿದವರಲ್ಲಿ ಅಗ್ರಗಣ್ಯರು, ಸಾವಿರ ವರ್ಷಗಳ ಹಿಂದೆ ಅಂದಲುಸ್‌ನಲ್ಲಿ ಬದುಕಿದ್ದ ಅಬುಲ್ ಕಾಸಿಮ್ ಖಲಫ್ ಇಬ್ನ್ ಅಬ್ಬಾಸ್ ಅಝ್ಝಹ್ರಾವಿ.

ಅವರು ಹುಟ್ಟಿದ್ದು ಸುಮಾರು 936ರಲ್ಲಿ. ಸ್ಪೇನ್‌ನ ಕುರ್ತುಬ (ಕಾರ್ಡೋಬಾ) ಪಟ್ಟಣದ ಹೊರಗೆ ಖಲೀಫ ಮೂರನೇ ಅಬ್ದುರ್ರಹ್ಮಾನ್ ಕಟ್ಟಿಸಿದ ಮದೀನತುಝ್ಝಹ್ರಾ ಎಂಬ ಅರಮನೆ ನಗರದಿಂದ ಅವರಿಗೆ ಆ ಹೆಸರು ಬಂತು. ತೀರಿಕೊಂಡದ್ದು ಸುಮಾರು 1013ರಲ್ಲಿ. ಅವರ ಕೊನೆಯ ದಿನಗಳಲ್ಲೇ ಅಂತರ್ಯುದ್ಧದಲ್ಲಿ ಆ ನಗರ ಸೂರೆಯಾಗಿ ಹಾಳುಬಿತ್ತು. ಆದರೆ ಅವರು ಬರೆದ ‘ಕಿತಾಬುತ್ತಸ್ರೀಫ್’ ಉಳಿಯಿತು. ಮೂವತ್ತು ಭಾಗಗಳ ಆ ವೈದ್ಯಕೋಶ ಸುಮಾರು 1000ನೇ ಇಸವಿಯ ಹೊತ್ತಿಗೆ ಮುಗಿಯಿತೆಂದು ಹೇಳಲಾಗುತ್ತದೆ. ಅದರ ಕೊನೆಯ ಭಾಗ ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೆ ಮೀಸಲು. ಮೊದಲು ಬರೆ ಹಾಕಿ ಮಾಡುವ ಚಿಕಿತ್ಸೆ, ಆಮೇಲೆ ಕೊಯ್ದು ಮಾಡುವ ಚಿಕಿತ್ಸೆ, ಕೊನೆಗೆ ಮೂಳೆ ಮುರಿತ ಮತ್ತು ಕೀಲು ತಪ್ಪಿದ್ದಕ್ಕೆ ಚಿಕಿತ್ಸೆ.

ಈ ಭಾಗವನ್ನು ಏಕೆ ಬರೆಯಬೇಕಾಯಿತು ಎಂಬುದನ್ನು ಅಝ್ಝಹ್ರಾವಿ ಆರಂಭದಲ್ಲೇ ತಿಳಿಸುತ್ತಾರೆ. ಶಿಷ್ಯರನ್ನು ಅವರು ಕರೆಯುವುದು ಮಕ್ಕಳೇ ಎಂದು. ನಮ್ಮ ನಾಡಿನಲ್ಲಿ ಕೈಚಳಕದ ಈ ವಿದ್ಯೆ ಹೆಚ್ಚುಕಡಿಮೆ ಅಳಿದೇ ಹೋಗಿದೆ, ಹಳೆಯ ಪುಸ್ತಕಗಳಲ್ಲಿ ಉಳಿದ ವಿವರಣೆಗಳೂ ನಕಲುಗಾರರ ಕೈಯಲ್ಲಿ ಕೆಟ್ಟಿವೆ ಎಂಬುದು ಅವರ ಕೊರಗು. ಮೈಯೊಳಗಿನ ರಚನೆ ತಿಳಿಯದವನು ಕತ್ತಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ತಾವು ಕಂಡ ಪ್ರಸಂಗಗಳನ್ನೇ ಹೇಳುತ್ತಾರೆ. ಒಬ್ಬ ಅರೆಬರೆ ವೈದ್ಯ ಒಬ್ಬ ಮಹಿಳೆಯ ಕುತ್ತಿಗೆಯ ಗಡ್ಡೆಯನ್ನು ಕೊಯ್ಯಲು ಹೋಗಿ ರಕ್ತನಾಳಗಳನ್ನೇ ಕತ್ತರಿಸಿದ. ಆಕೆ ಅವನ ಕಣ್ಣೆದುರೇ ಪ್ರಾಣಬಿಟ್ಟಳು. ಇನ್ನೊಬ್ಬ ಒಬ್ಬ ಮುದುಕನ ಮೂತ್ರಕೋಶದಿಂದ ದೊಡ್ಡ ಕಲ್ಲನ್ನು ತೆಗೆಯುವಾಗ ಕೋಶದ ಒಂದು ತುಣುಕನ್ನೂ ಕಿತ್ತ. ಮೂರನೆಯ ದಿನದ ಹೊತ್ತಿಗೆ ಮುದುಕ ತೀರಿಕೊಂಡ. ಅದೇ ಮುದುಕನನ್ನು ನೋಡಲು ಮೊದಲು ಅಝ್ಝಹ್ರಾವಿಯವರನ್ನೇ ಕರೆದಿದ್ದರು. ಕಲ್ಲಿನ ಗಾತ್ರ ಮತ್ತು ರೋಗಿಯ ಸ್ಥಿತಿ ನೋಡಿ ಇವನು ಬದುಕಲಾರನೆಂದು ಅವರಿಗೆ ತಿಳಿದಿತ್ತು. ಮತ್ತೊಬ್ಬ ವೈದ್ಯ ಗಾಯವಾಗಿದ್ದ ಮುರಿದ ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ ದಿನಗಟ್ಟಲೆ ಬಿಟ್ಟ. ಅಝ್ಝಹ್ರಾವಿ ಹೋಗಿ ಪಟ್ಟಿ ಬಿಚ್ಚಿದಾಗ ರೋಗಿಗೆ ನೋವೇನೋ ಇಳಿಯಿತು, ಆದರೆ ಅಷ್ಟರಲ್ಲಿ ಕೊಳೆತ ಹಬ್ಬಿತ್ತು. ಅದನ್ನು ತಡೆಯಲು ಅವರಿಂದಲೂ ಆಗಲಿಲ್ಲ.

ವೈದ್ಯ ಗೊತ್ತಿಲ್ಲದವನು ಚಿಕಿತ್ಸೆಗೆ ಕೈಹಾಕಿ ಹಾನಿ ಮಾಡಿದರೆ ಅದರ ಹೊಣೆ ಅವನದೇ ಎಂದು ಪ್ರವಾದಿಯವರು (ಸ) ತಿಳಿಸಿದ್ದನ್ನು ನಾವು ಬಲ್ಲೆವು. ಅಝ್ಝಹ್ರಾವಿಯವರ ಬರವಣಿಗೆಯುದ್ದಕ್ಕೂ ಇದೇ ಎಚ್ಚರ ಕಾಣುತ್ತದೆ. ಶಸ್ತ್ರಚಿಕಿತ್ಸೆಗಳನ್ನು ಅವರು ಎರಡಾಗಿ ವಿಂಗಡಿಸುತ್ತಾರೆ: ಕ್ಷೇಮವಾಗಿ ಮಾಡಬಹುದಾದವು ಮತ್ತು ಅಪಾಯವೇ ಹೆಚ್ಚಿರುವವು. ಆಸೆಗಿಂತ ಎಚ್ಚರ ದೊಡ್ಡದಿರಲಿ, ಖಚಿತವಾಗಿ ತಿಳಿಯದ ಕೆಲಸಕ್ಕೆ ಕೈಹಾಕಬೇಡಿ ಎಂದು ಶಿಷ್ಯರಿಗೆ ತಾಕೀತು ಮಾಡುತ್ತಾರೆ.

ಆದರೆ ಎಚ್ಚರಿಕೆ ಹೇಳಿದಷ್ಟಕ್ಕೆ ಕಲಿಸಿದಂತಾಗುವುದಿಲ್ಲ. ಅವರು ಮಾಡಿದ ದೊಡ್ಡ ಕೆಲಸ ಉಪಕರಣಗಳ ಚಿತ್ರ ಬರೆದದ್ದು. ಸುಮಾರು ಇನ್ನೂರು ಚಿತ್ರಗಳು ಆ ಭಾಗದಲ್ಲಿವೆ. ಅಂದು ಶಸ್ತ್ರಚಿಕಿತ್ಸೆಯ ಸಾಮಾನು ಮಾರುವ ಕಂಪನಿಗಳಿರಲಿಲ್ಲ. ವೈದ್ಯ ತನಗೆ ಬೇಕಾದ್ದನ್ನು ಕಮ್ಮಾರನಿಂದಲೋ ಕಂಚುಗಾರನಿಂದಲೋ ಮಾಡಿಸಿಕೊಳ್ಳಬೇಕು. ತುದಿ ಎಷ್ಟು ಬಾಗಿರಬೇಕು, ಅಲಗು ಎಷ್ಟು ತೆಳ್ಳಗಿರಬೇಕು ಎಂಬುದು ಬರೀ ಮಾತಿನಲ್ಲಿ ಹೇಳಿದರೆ ಕೆಲಸಗಾರನಿಗೆ ತಿಳಿಯುವುದಿಲ್ಲ, ದೂರದ ಊರಿನ ಶಿಷ್ಯನಿಗೂ ತಿಳಿಯುವುದಿಲ್ಲ. ಅದಕ್ಕಾಗಿ ಚಿಕಿತ್ಸೆಯ ವಿವರ ಬಂದಲ್ಲೇ ಅದಕ್ಕೆ ಬೇಕಾದ ಉಪಕರಣದ ಚಿತ್ರವನ್ನೂ ಇಟ್ಟರು. ಕೊಕ್ಕೆಗಳಲ್ಲಿ ಒಂದು ಮೊನೆಯದು, ಎರಡು ಮೊನೆಯದು, ಮೂರು ಮೊನೆಯದು. ಪ್ರತಿಯೊಂದರಲ್ಲೂ ದೊಡ್ಡದು, ಮಧ್ಯಮ, ಚಿಕ್ಕದು. ಇಂದು ಟ್ರೇಯಲ್ಲಿ ಗಾತ್ರದ ಪ್ರಕಾರ ಜೋಡಿಸುವ ಉಪಕರಣಗಳನ್ನು ಕಂಡವರಿಗೆ ಈ ಪುಟಗಳು ಹೊಸದೆನಿಸುವುದಿಲ್ಲ.

ಯಾವ ಲೋಹ ಎಂಬುದರಲ್ಲೂ ಅವರಿಗೆ ತಮ್ಮದೇ ತೀರ್ಮಾನವಿತ್ತು. ಬರೆ ಹಾಕಲು ಚಿನ್ನದ ಸಲಾಕೆಯೇ ಮೇಲೆಂದು ಹಿಂದಿನವರು ಹೊಗಳುತ್ತಿದ್ದರು. ಅಝ್ಝಹ್ರಾವಿ ಒಪ್ಪಲಿಲ್ಲ. ಚಿನ್ನ ಎಷ್ಟು ಕಾದಿದೆಯೆಂದು ಅದರ ಬಣ್ಣದಿಂದ ತಿಳಿಯುವುದಿಲ್ಲ, ಹೆಚ್ಚು ಕಾದರೆ ಕರಗಿಹೋಗುತ್ತದೆ. ಕಬ್ಬಿಣ ಕೆಂಪಾಗುವುದು ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಕೆಲಸಕ್ಕೆ ಕಬ್ಬಿಣವೇ ಸರಿ ಎಂದರು.

ಟಾನ್ಸಿಲ್ ತೆಗೆಯುವ ವಿಧಾನವನ್ನು ಅವರು ಬರೆದಿರುವ ರೀತಿಯಲ್ಲಿ ಅಂದಿನ ‘ಥಿಯೇಟರ್’ ಹೇಗಿತ್ತೆಂದು ಕಾಣಬಹುದು. ವಿದ್ಯುದ್ದೀಪವಿಲ್ಲ, ಹಾಗಾಗಿ ರೋಗಿಯನ್ನು ಬಿಸಿಲಿಗೆ ಎದುರಾಗಿ ಕೂರಿಸಬೇಕು. ಬಾಯಿ ತೆರೆಸಬೇಕು. ಒಬ್ಬ ಸಹಾಯಕ ಬೆಳ್ಳಿಯ ಅಥವಾ ತಾಮ್ರದ ತೆಳುವಾದ ಪಟ್ಟಿಯಿಂದ ನಾಲಿಗೆಯನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು. ಆಗ ವೈದ್ಯ ಕೊಕ್ಕೆಯನ್ನು ಗಡ್ಡೆಗೆ ಸಿಕ್ಕಿಸಿ, ಮುಂದಕ್ಕೆಳೆದು, ತುದಿ ಬಾಗಿದ ಕತ್ತರಿಯಂಥ ಉಪಕರಣದಿಂದ ಕತ್ತರಿಸಬೇಕು. ಒಂದು ಬದಿ ಮುಗಿದ ಮೇಲೆ ಇನ್ನೊಂದು. ಇಲ್ಲಿ ಟ್ರೇ ಇಲ್ಲ, ಸ್ಟ್ಯಾಂಡ್ ಇಲ್ಲ. ಎಲ್ಲವನ್ನೂ ಹಿಡಿದಿರುವುದು ಮನುಷ್ಯರ ಕೈಗಳೇ. ಆದರೆ ಯಾವ ಕೈ ಏನನ್ನು ಹಿಡಿಯಬೇಕೆಂಬುದು ಮೊದಲೇ ನಿಶ್ಚಯವಾಗಿದೆ. ಮಂಪರು ಬರಿಸುವ ಇಂದಿನ ಮದ್ದುಗಳಿಲ್ಲದ ಆ ಕಾಲದಲ್ಲಿ ತಡವರಿಸಲು ಸಮಯವಿರಲಿಲ್ಲ.

ರೋಗಿಯ ಭಯವನ್ನೂ ಅವರು ಮರೆಯಲಿಲ್ಲ. ಕೀವು ತುಂಬಿದ ಗಡ್ಡೆಯನ್ನು ಒಡೆಯಲು ಬೆರಳುಗಳ ನಡುವೆ ಅಡಗುವಂಥ ಚಾಕುಗಳ ಚಿತ್ರ ಕೊಟ್ಟಿದ್ದಾರೆ. ಅವೂ ಮೂರು ಗಾತ್ರದವು. ಅಲಗು ರೋಗಿಯ ಕಣ್ಣಿಗೆ ಬೀಳಬಾರದು ಎಂಬುದೇ ಆ ವಿನ್ಯಾಸದ ಉದ್ದೇಶ. ಇಂಜೆಕ್ಷನ್ ಸೂಜಿಯನ್ನು ಮಗುವಿಗೆ ಕಾಣದಂತೆ ಹಿಡಿಯುವ ನರ್ಸನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಹಿಳೆಯರ ಚಿಕಿತ್ಸೆಯ ಬಗ್ಗೆ ಅವರು ಬರೆದದ್ದು ನಮ್ಮ ಮನೆಗಳಲ್ಲಿ ಓದಿ ಚರ್ಚಿಸಬೇಕಾದ ಮಾತು. ಮಹಿಳೆಗೆ ಮೂತ್ರಕೋಶದಲ್ಲಿ ಕಲ್ಲಾದರೆ ಚಿಕಿತ್ಸೆ ಕಷ್ಟ, ಏಕೆಂದರೆ ಮಾನವಂತೆಯಾದ ಹೆಣ್ಣು ಪರಪುರುಷ ವೈದ್ಯನಿಗೆ ಮೈ ತೋರಿಸಲು ಒಪ್ಪುವುದಿಲ್ಲ, ಈ ವಿದ್ಯೆ ಬಲ್ಲ ಮಹಿಳೆಯರೂ ವಿರಳ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಹಾಗೆಂದು ಆಕೆಯನ್ನು ನೋವಿನಲ್ಲೇ ಬಿಡಿ ಎನ್ನುವುದಿಲ್ಲ. ನುರಿತ ವೈದ್ಯೆಯನ್ನು ಜೊತೆಗೆ ಕರೆದುಕೊಳ್ಳಿ, ಸಿಗದಿದ್ದರೆ ಅನುಭವವಿರುವ ಸೂಲಗಿತ್ತಿಯನ್ನೋ ಸ್ವಲ್ಪಮಟ್ಟಿಗೆ ಕಲಿಸಬಹುದಾದ ಹೆಂಗಸನ್ನೋ ಕರೆತನ್ನಿ, ನೀವು ಹೇಳಿಕೊಡುತ್ತಾ ಹೋಗಿ, ಆಕೆ ಮಾಡಲಿ ಎಂಬುದು ಅವರ ಸಲಹೆ. ಅಂದರೆ ಮಾನ ಮತ್ತು ಪ್ರಾಣ ಎರಡನ್ನೂ ಕಾಪಾಡುವ ದಾರಿ ಹೆಣ್ಣಿಗೆ ವಿದ್ಯೆ ಕಲಿಸುವುದರಲ್ಲೇ ಇತ್ತು.

ಎಲ್ಲವನ್ನೂ ಅಝ್ಝಹ್ರಾವಿಯವರೇ ಕಂಡುಹಿಡಿದರು ಎಂದು ಹೇಳುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಏಳನೇ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪೌಲನಿಂದ ಅವರು ಬಹಳಷ್ಟು ಪಡೆದಿದ್ದಾರೆ, ಗ್ಯಾಲೆನ್‌ನನ್ನು ಓದಬೇಕೆಂದು ಶಿಷ್ಯರಿಗೂ ಹೇಳಿದ್ದಾರೆ. ಅವರ ಹಿರಿಮೆ ಇರುವುದು ಬೇರೆ ಕಡೆ. ಹಿಂದಿನವರಿಂದ ಬಂದದ್ದನ್ನು ತಮ್ಮ ಕೈಯಿಂದ ಮಾಡಿ ನೋಡಿ, ಸರಿಯಾದದ್ದನ್ನು ಉಳಿಸಿ, ತಮ್ಮದನ್ನು ಸೇರಿಸಿ, ಇನ್ನೊಬ್ಬರ ಕೈಗೆ ದಾಟಿಸುವಂತೆ ಚಿತ್ರ ಬರೆದರಲ್ಲ, ಅಲ್ಲಿ.

ಆ ದಾಟಿಸುವಿಕೆ ದೂರದವರೆಗೂ ನಡೆಯಿತು. 12ನೇ ಶತಮಾನದಲ್ಲಿ ಟೊಲೆಡೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಈ ಭಾಗವನ್ನು ಲ್ಯಾಟಿನ್ ಭಾಷೆಗೆ ತಂದ. ‘ಅಬುಲ್‌ಕಾಸಿಸ್’ ಎಂಬ ಹೆಸರಿನಲ್ಲಿ ಯುರೋಪಿನ ವೈದ್ಯರು ಅವರನ್ನು ಓದಿದರು. 1363ರಲ್ಲಿ ಫ್ರಾನ್ಸಿನ ಗೀ ದ ಶೋಲಿಯಾಕ್ ಬರೆದ ಶಸ್ತ್ರಚಿಕಿತ್ಸಾ ಗ್ರಂಥದಲ್ಲಿ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ. 1465ರಲ್ಲಿ ತುರ್ಕಿಯ ಅಮಾಸ್ಯಾ ಆಸ್ಪತ್ರೆಯ ವೈದ್ಯ ಶರಫುದ್ದೀನ್ ಸಾಬುನ್‌ಜುಓಗ್ಲು ಈ ಗ್ರಂಥವನ್ನು ಅನುಸರಿಸಿ ತುರ್ಕಿ ಭಾಷೆಯಲ್ಲಿ ಬರೆದರು. ಅವರು ಉಪಕರಣದ ಜೊತೆಗೆ ಅದನ್ನು ಹಿಡಿದ ವೈದ್ಯನನ್ನೂ ರೋಗಿಯನ್ನೂ ಚಿತ್ರಿಸಿದರು. ಕೆಲವು ಚಿತ್ರಗಳಲ್ಲಿ ಉಪಕರಣ ಹಿಡಿದಿರುವುದು ಮಹಿಳೆಯರು. ನಮ್ಮ ದೇಶದಲ್ಲೂ ಪಟ್ನಾದ ಖುದಾ ಬಕ್ಷ್ ಗ್ರಂಥಾಲಯದಲ್ಲಿ ‘ಕಿತಾಬುತ್ತಸ್ರೀಫ್’ನ 12ನೇ ಶತಮಾನದ ಸಚಿತ್ರ ಹಸ್ತಪ್ರತಿ ಇದೆ.

ಮೊದಲು ಹೇಳಿದ ಟ್ರೇ ಮತ್ತು ಸ್ಟ್ಯಾಂಡ್ ಬಂದದ್ದು ಬಹಳ ತಡವಾಗಿ. 19ನೇ ಶತಮಾನದ ಮಧ್ಯದವರೆಗೂ ಸರ್ಜನ್‌ಗಳು ಮರದ, ದಂತದ ಹಿಡಿಕೆಯ ಉಪಕರಣಗಳನ್ನು ಮಖಮಲ್ ಹಾಸಿದ ಪೆಟ್ಟಿಗೆಗಳಲ್ಲಿ ಇಡುತ್ತಿದ್ದರು. ನೋಡಲು ಅಂದವಾದ ಆ ಮಖಮಲ್ ರೋಗಾಣುಗಳ ಮನೆಯಾಗಿತ್ತು. 1867ರಲ್ಲಿ ಜೋಸೆಫ್ ಲಿಸ್ಟರ್ ರೋಗಾಣುನಾಶಕ ವಿಧಾನವನ್ನು ಪ್ರಕಟಿಸಿದರು. ಮುಂದೆ ಹಬೆಯಲ್ಲಿ ಉಪಕರಣಗಳನ್ನು ಬೇಯಿಸುವ ಪದ್ಧತಿ ಬಂದಾಗ ಮರ, ದಂತ, ಮಖಮಲ್ ಎಲ್ಲವೂ ಹೊರಬಿದ್ದು ಪೂರ್ತಿ ಲೋಹದ ಉಪಕರಣ, ಲೋಹದ ಟ್ರೇ ಬಂದವು. ಅದೇ ಕಾಲದಲ್ಲಿ ಫ್ರಾನ್ಸಿನ ಕೊಬೆರ್ಲೆ ಮತ್ತು ಪೆಯಾನ್, ಇಂಗ್ಲೆಂಡಿನ ಸ್ಪೆನ್ಸರ್ ವೆಲ್ಸ್ ಅವರಂಥವರು ಹಿಡಿಕೆಯಲ್ಲಿ ಲಾಕ್ ಇರುವ ಇಕ್ಕಳಗಳನ್ನು ಬಳಕೆಗೆ ತಂದರು. ರಕ್ತನಾಳವನ್ನು ಕಚ್ಚಿಸಿ ಲಾಕ್ ಮಾಡಿದರೆ ಸಾಕು, ಕೈ ಬಿಟ್ಟರೂ ಇಕ್ಕಳ ಹಿಡಿತ ಬಿಡುವುದಿಲ್ಲ. ಕುರ್ತುಬದಲ್ಲಿ ಸಹಾಯಕನ ಕೈ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಈಗ ಲೋಹ ಮಾಡುತ್ತದೆ.

ಆದರೆ ಎಣಿಸುವುದು ಲೋಹವಲ್ಲ. ಎಣಿಕೆ ತಪ್ಪಿದಾಗ ‘ಒಂದು ಕಡಿಮೆಯಿದೆ, ಹೊಲಿಗೆ ಹಾಕಬೇಡಿ’ ಎಂದು ಹಿರಿಯ ಸರ್ಜನ್‌ಗೆ ಧೈರ್ಯವಾಗಿ ಹೇಳಬೇಕಾದವರು ಮನುಷ್ಯರೇ. ಪ್ರಜ್ಞೆಯಿಲ್ಲದೆ ಮಲಗಿದ ರೋಗಿಯ ದೇಹ ಆ ಹೊತ್ತಿನಲ್ಲಿ ಅವರ ಕೈಯಲ್ಲಿರುವ ಅಮಾನತ್. ಅಝ್ಝಹ್ರಾವಿ ಅಂದು ಕೇಳಿದ್ದು ಇದೇ ಪ್ರಾಮಾಣಿಕತೆಯನ್ನು: ಗೊತ್ತಿದ್ದರೆ ಮಾಡಿ, ಗೊತ್ತಿಲ್ಲದಿದ್ದರೆ ಕೈ ಹಿಂತೆಗೆಯಿರಿ.

ಆದ್ದರಿಂದ ಕಡಿಮೆ ಖರ್ಚಿಗೆ ಆಗುತ್ತದೆಂದು, ಪರಿಚಯದವರೆಂದು, ಅರ್ಹತೆಯಿಲ್ಲದವರ ಕೈಗೆ ನಮ್ಮವರ ದೇಹವನ್ನು ಒಪ್ಪಿಸಬಾರದು. ಗಡ್ಡೆ ಕೊಯ್ಯುವುದಿರಲಿ, ಮೂಳೆ ಕಟ್ಟುವುದಿರಲಿ, ಮಾಡುವವರು ಕಲಿತವರೇ ಎಂದು ವಿಚಾರಿಸಲು ಸಂಕೋಚ ಬೇಡ. ಪಿಯುಸಿ ಮುಗಿಸಿದ ಮಗಳು ನರ್ಸಿಂಗ್ ಅಥವಾ ಆಪರೇಷನ್ ಥಿಯೇಟರ್ ಟೆಕ್ನಾಲಜಿ ಓದುತ್ತೇನೆಂದರೆ ಅದೇನು ದೊಡ್ಡ ಕೆಲಸವೇ ಎಂದು ಹಗುರವಾಗಿ ನೋಡುವ ಮನೆಗಳೂ ಇವೆ. ತನ್ನ ಕಾಲದಲ್ಲಿ ಇಂಥ ಮಹಿಳೆಯರು ಸಿಗುವುದಿಲ್ಲವೆಂದು ಕುರ್ತುಬದ ಆ ಮಹಾವೈದ್ಯ ಕೊರಗಿದ್ದನ್ನು ಆ ಮನೆಯ ಹಿರಿಯರಿಗೆ ತಿಳಿಸೋಣ. ಸರ್ಜನ್ ಕೈ ಚಾಚಿದಾಗ ಸರಿಯಾದ ಉಪಕರಣವನ್ನು ಇಡುವವಳು, ಕೊನೆಗೆ ಲೆಕ್ಕ ಸರಿಯಿದೆಯೆಂದು ಹೇಳುವವಳು ಆಕೆಯೇ ಆಗಿರುತ್ತಾಳೆ.