ಡರ್ಬಿಯ ಶೇಕ್ಸ್‌ಪಿಯರ್ ಗೊಂಬೆ

ಇಂಗ್ಲೆಂಡಿನ ಡರ್ಬಿ ಪಟ್ಟಣದ ಕಾರ್ಖಾನೆಯಲ್ಲಿ 18ನೇ ಶತಮಾನದ ಉತ್ತರಾರ್ಧದಿಂದ ತಯಾರಾದ, ವಿಲಿಯಂ ಶೇಕ್ಸ್‌ಪಿಯರನ ಪಿಂಗಾಣಿ ಗೊಂಬೆ. ಎತ್ತರ ಸಾಮಾನ್ಯವಾಗಿ ಗೇಣಿಗಿಂತ ತುಸು ಹೆಚ್ಚು. ಇದಕ್ಕೆ ಜೋಡಿಯಾಗಿ ಜಾನ್ ಮಿಲ್ಟನ್ನನ ಗೊಂಬೆಯೂ ಇರುತ್ತಿತ್ತು. ಬೆಂಕಿಗೂಡಿನ ಮೇಲಿನ ಹಲಗೆಯ ಎರಡು ತುದಿಗೆ ಇಬ್ಬರು ಕವಿಗಳನ್ನು ನಿಲ್ಲಿಸುವುದು ಅಲ್ಲಿನ ಉಳ್ಳವರ ಮನೆಗಳ ಶೋಕಿಯಾಗಿತ್ತು.

ಗೊಂಬೆಯ ಭಂಗಿ ಡರ್ಬಿಯವರ ಸ್ವಂತದ್ದಲ್ಲ. 1616ರಲ್ಲಿ ತೀರಿಕೊಂಡ ಶೇಕ್ಸ್‌ಪಿಯರನ ಸಮಾಧಿ ಇರುವುದು ಅವನ ಊರು ಸ್ಟ್ರಾಟ್‌ಫರ್ಡಿನಲ್ಲಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಅಮೃತಶಿಲೆಯ ಪ್ರತಿಮೆ ನಿಂತದ್ದು 1741ರಲ್ಲಿ, ಅದೂ ಚಂದಾ ಎತ್ತಿ, ನಾಟಕಗಳ ಸಹಾಯಾರ್ಥ ಪ್ರದರ್ಶನ ನಡೆಸಿ. ವಿನ್ಯಾಸ ವಿಲಿಯಂ ಕೆಂಟ್‌ನದು, ಕೆತ್ತಿದವನು ಆಂಟ್‌ವರ್ಪ್ ಮೂಲದ ಪೀಟರ್ ಶೀಮೇಕರ್ಸ್. ಕಾಲ ಮೇಲೆ ಕಾಲು ಅಡ್ಡ ಹಾಕಿ, ಪುಸ್ತಕಗಳ ಮೇಲೆ ಮೊಣಕೈ ಊರಿ, ಇಳಿಬಿಟ್ಟ ಸುರುಳಿಯತ್ತ ಬೆರಳು ತೋರುವ ಆ ನಿಲುವನ್ನು ಡರ್ಬಿಯವರು ಅಂಗೈಮೇಲೆ ಹಿಡಿಸುವಷ್ಟಕ್ಕೆ ಇಳಿಸಿದರು. ಸುರುಳಿಯ ಮೇಲೆ 'ಟೆಂಪೆಸ್ಟ್' ನಾಟಕದ ಸಾಲುಗಳಿರುತ್ತವೆ. ಮಿಲ್ಟನ್ನನ ಪೀಠದ ಮೇಲೆ ಆದಮ್ ಮತ್ತು ಈವ್ ಸ್ವರ್ಗದ ತೋಟದಿಂದ ಹೊರಬೀಳುವ ಉಬ್ಬುಚಿತ್ರ. 1667ರಲ್ಲಿ ಪ್ರಕಟವಾದ 'ಪ್ಯಾರಡೈಸ್ ಲಾಸ್ಟ್' ಬರೆದವನಿಗೆ ಒಪ್ಪುವ ಗುರುತು.

ಡರ್ಬಿ ಕಾರ್ಖಾನೆಯನ್ನು 1756ರಿಂದ ಬೆಳೆಸಿದ ವಿಲಿಯಂ ಡ್ಯೂಸ್‌ಬರಿ ಅದಕ್ಕೆ ಮುಂಚೆ ಲಂಡನ್ನಿನಲ್ಲಿ ಬೇರೆಯವರ ಗೊಂಬೆಗಳಿಗೆ ಬಣ್ಣ ಹಾಕುತ್ತಿದ್ದವನು. ಯಾವ ಗೊಂಬೆ ಬಿಕರಿಯಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿದ್ದಿರಬೇಕು. 1769ರಲ್ಲಿ ನಟ ಡೇವಿಡ್ ಗ್ಯಾರಿಕ್ ಸ್ಟ್ರಾಟ್‌ಫರ್ಡಿನಲ್ಲಿ ಶೇಕ್ಸ್‌ಪಿಯರ್ ಉತ್ಸವ ನಡೆಸಿದ. ಮಳೆ ಬಂದು ಮೆರವಣಿಗೆ ರದ್ದಾದರೂ ಕವಿಯ ಹುಚ್ಚು ಇಳಿಯಲಿಲ್ಲ.

ತಯಾರಿಕೆಯ ಬಗೆ ಹೀಗೆ: ತೆಳ್ಳಗೆ ಕಲಸಿದ ಜೇಡಿಯನ್ನು ಪ್ಲಾಸ್ಟರಿನ ಅಚ್ಚಿಗೆ ಸುರಿಯುತ್ತಾರೆ. ಅಚ್ಚು ನೀರು ಹೀರಿಕೊಂಡು ಒಳಗೋಡೆಗೆ ಜೇಡಿಯ ಪದರ ಕಟ್ಟುತ್ತದೆ, ಮಿಕ್ಕದ್ದನ್ನು ಚೆಲ್ಲುತ್ತಾರೆ. ತಲೆ, ತೋಳು, ಪೀಠ ಎಲ್ಲ ಬೇರೆ ಬೇರೆ ಅಚ್ಚು. ಅದೇ ಜೇಡಿಯಿಂದ ಅಂಟಿಸಿ ಆವಿಗೆಗೆ ಇಡುತ್ತಾರೆ. ಅಲ್ಲಿ ಮೈ ಮೆತ್ತಗಾಗಿ ಕುಗ್ಗುತ್ತದೆ, ಎರಡೇ ಕಾಲ ಮೇಲೆ ನಿಂತ ಗೊಂಬೆ ವಾಲಿಬಿಡುತ್ತದೆ. ಅಮೃತಶಿಲೆಯಲ್ಲಿ ಪಾಂಡಿತ್ಯದ ಸಂಕೇತವಾಗಿದ್ದ ಪೀಠವೂ ಪುಸ್ತಕದ ಗುಡ್ಡೆಯೂ ಇಲ್ಲಿ ಕವಿಯನ್ನು ನೆಟ್ಟಗೆ ನಿಲ್ಲಿಸುವ ಊರುಗೋಲಾದವು. ಅಬೆಯ ಪ್ರತಿಮೆ ಪಿಂಗಾಣಿಗೆ ಇಷ್ಟು ಸಲೀಸಾಗಿ ಒಗ್ಗಿದ್ದಕ್ಕೆ ಅಭಿಮಾನಕ್ಕಿಂತ ಇದೇ ದೊಡ್ಡ ಕಾರಣವೆನ್ನಬಹುದು.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಕನ್ನಡಿಗರಿಗೆ ಯುರೋಪಿನ ಪಿಂಗಾಣಿಯ ದೊಡ್ಡ ಸಂಗ್ರಹ ಹತ್ತಿರದಲ್ಲಿ ಸಿಗುವುದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889–1949) ಮನೆತನದ ಸಂಗ್ರಹವನ್ನು ಬಹಳವಾಗಿ ಬೆಳೆಸಿದವರು. 1951ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಈ ಸಂಗ್ರಹಕ್ಕೆ ಸುರಿದ ಹಣದ ಒಂದು ಮೂಲ ಜಾಗೀರುಗಳ ಕಂದಾಯ. ಇಂದಿನ ಕರ್ನಾಟಕದ ಕೊಪ್ಪಳ, ಯಲಬುರ್ಗಾ, ಈಗ ನಾರಾಯಣಪೇಟೆ ಜಿಲ್ಲೆಗೆ ಸೇರಿರುವ ಕೋಸ್ಗಿ ಈ ಮನೆತನದ ಜಾಗೀರಿನಲ್ಲಿದ್ದವು. 1956ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು. ಜೋಳ ಬೆಳೆದ ರೈತನ ಕಂದಾಯ ಡ್ರೆಸ್ಡೆನ್, ವೂಸ್ಟರ್, ವೆಜ್‌ವುಡ್ ಸಾಮಾನುಗಳ ಖರೀದಿಗೂ ಒದಗಿತೆಂಬುದನ್ನು ಆ ಗಾಜಿನ ಬೀರುಗಳ ಮುಂದೆ ಮರೆಯುವಂತಿಲ್ಲ. ಇನ್ನು ಕವಿಗಳ ಗೊಂಬೆ ನಿಲ್ಲಿಸುವ ಇಂಗ್ಲೆಂಡಿಗೆ ಹೋಲಿಸಿದರೆ ಗದ್ವಾಲ ಸಂಸ್ಥಾನದಲ್ಲಿ ಕವಿಗೌರವದ ರೀತಿಯೇ ಬೇರೆಯಾಗಿತ್ತು. ಬದುಕಿರುವ ಪಂಡಿತರನ್ನು ಆಸ್ಥಾನಕ್ಕೆ ಕರೆಸಿ ಸನ್ಮಾನಿಸಿ ಅದು 'ವಿದ್ವದ್ಗದ್ವಾಲ' ಎಂಬ ಹೆಸರು ಪಡೆಯಿತು.

ಡರ್ಬಿ ಗೊಂಬೆಯನ್ನು ಕೊಳ್ಳುವವರು ಮುಖಕ್ಕಿಂತ ಮೊದಲು ತಳ ನೋಡುತ್ತಾರೆ. ಆವಿಗೆಯಲ್ಲಿ ಜೇಡಿಯ ಉಂಡೆಗಳ ಮೇಲೆ ಇಟ್ಟು ಸುಟ್ಟದ್ದರಿಂದ ಅಲ್ಲಿ ಸಾಮಾನ್ಯವಾಗಿ ಮೂರು ಮಾಸಲು ಕಲೆಗಳು, ನಡುವೆ ಬಿಸಿಗಾಳಿ ಹೊರಡಲು ಬಿಟ್ಟ ತೂತು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಸ್ಯಾಮ್ಸನ್ ಕಂಪನಿ ಹಳೆಯ ಇಂಗ್ಲಿಷ್ ಗೊಂಬೆಗಳನ್ನು ನಕಲು ಮಾಡಿ ಮಾರಿತು. ಅವುಗಳದು ಗಟ್ಟಿ ಪಿಂಗಾಣಿ. ಮೈ ತಣ್ಣಗೆ ಬೆಳ್ಳಗೆ ಹೊಳೆಯುತ್ತದೆ. ಡರ್ಬಿಯದು ಮೃದು ಪಿಂಗಾಣಿ. ಅದರ ಮೆರುಗು ಮೆತ್ತಗೆ ಕಾಣುತ್ತದೆ, ಬಣ್ಣ ಅದರೊಳಕ್ಕೆ ಕೊಂಚ ಇಳಿದಂತಿರುತ್ತದೆ. ಸುರುಳಿ ತೋರುವ ಬೆರಳು ಮುರಿದು ಮತ್ತೆ ಅಂಟಿಸಿದ್ದೇ ಎಂಬುದನ್ನೂ ಭೂತಗನ್ನಡಿ ಹಿಡಿದು ಪರೀಕ್ಷಿಸಬೇಕು. ಬೆಲೆ ಬೀಳುವುದು ಇಂಥಲ್ಲೇ.