ಮಾಳದ ಶಾಸ್ತ್ರಿಗಳ ಮಗಳು ವಿಲಾಯ್ತಿಲಿ ಪಾಠ ಹೇಳಿದ್ದು

ಮೊನ್ನೆ ಎಂಗಳ ಮನೆಲಿ ಹಲಸಿನಕಾಯಿ ಹಪ್ಪಳ ಮಾಡುವ ದಿನ. ಅತ್ತೆ, ಚಿಕ್ಕಮ್ಮ, ನೆರೆಕರೆಯ ಅಕ್ಕಂದ್ರು ಎಲ್ಲ ಸೇರಿತ್ತಿದ್ದವು. ಎನ್ನ ತಂಗೆಯ ಮಗಳಿಂಗೆ ಇಂಗ್ಲೆಂಡಿನ ಕಾಲೇಜಿಲಿ ಪಾಠ ಮಾಡುವ ಕೆಲಸ ಸಿಕ್ಕಿದ ಶುದ್ದಿ ಬಂತು. "ನಮ್ಮ ಹೊಡೆಂದ ಕೂಸು ಒಂದೇ ವಿಲಾಯ್ತಿಗೆ ಕಲಿಶುಲೆ ಹೋಪದು! ಇದೇ ಸುರು ಆಯಿಕ್ಕು" ಹೇಳಿದವು ಚಿಕ್ಕಮ್ಮ.

ಎನ್ನ ಕೈ ಹಿಟ್ಟಿಲಿ ಇತ್ತು, ಬಾಯಿ ಖಾಲಿ ಇತ್ತು. "ಸುರು ಅಲ್ಲ ಚಿಕ್ಕಮ್ಮ, ನೂರನಲುವತ್ತು ವರ್ಷ ಹಿಂದೆಯೇ ಕಾರ್ಕಳ ಹೊಡೆಯಾಣ ಶಾಸ್ತ್ರಿಗಳ ಮಗಳು ಹೋಗಿ ಕಲಿಶಿಕ್ಕಿ ಬೈಂದವು" ಹೇಳಿದೆ. ಆ ದಿನ ಹಪ್ಪಳದ ಎಡಕ್ಕಿಲಿ ಅರ್ಧಂಬರ್ಧ ಹೇಳಿದ್ದರ ಇಲ್ಲಿ ರಜ ಸರಿಯಾಗಿ ಬರೆತ್ತೆ.

ಪಂಡಿತಾ ರಮಾಬಾಯಿ ಹೇಳಿರೆ ಮಹಾರಾಷ್ಟ್ರದವು ಹೇಳಿಯೇ ನಾವು ಶಾಲೆಲಿ ಓದಿದ್ದು. ಅವರ ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಹತ್ರಾಣ ಮಾಳದವು, ಚಿತ್ಪಾವನರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗುಡ್ಡೆ ಅದು. ಈಗ ಕಾರಿಲಿ ಕೂದು ಹೋಪಗಳೇ ನವಗೆ ತಲೆ ತಿರುಗುತ್ತು. ಅಂಥ ಜಾಗೆಲಿ ಶಾಸ್ತ್ರಿಗೊ ಮನೆ ಕಟ್ಟಿ, ಶಿಷ್ಯರ ಮಡಿಕ್ಕೊಂಡು ಪಾಠ ಹೇಳಿಗೊಂಡಿತ್ತಿದ್ದವು.

ಶಾಸ್ತ್ರಿಗೊ ಹೆಂಡತಿ ಲಕ್ಷ್ಮೀಬಾಯಿಗುದೆ ಸಂಸ್ಕೃತ ಕಲಿಶಿದವು. ಪುಣೆಲಿ ಇಪ್ಪಗ ಅವರ ಗುರುಗೊ ಪೇಶ್ವೆಯ ಹೆಂಡತಿಗೆ ಪಾಠ ಹೇಳುದರ ನೋಡಿತ್ತಿದ್ದವು, ಆ ಆಶೆ ಅಲ್ಲಿ ಹುಟ್ಟಿದ್ದು. ಆದರೆ ಊರಿಲಿ ಆಕ್ಷೇಪ ಎದ್ದತ್ತು. ಉಡುಪಿಲಿ ಪಂಡಿತರ ಎದುರು ನಿಂದು, ಹೆಮ್ಮಕ್ಕೊಗೆ ಸಂಸ್ಕೃತ ಕಲಿಶುಲಕ್ಕು ಹೇಳುದಕ್ಕೆ ಶಾಸ್ತ್ರಂದಲೇ ಆಧಾರ ತೋರ್ಸೆಕ್ಕಾಗಿ ಬಂತು. ಈ ಸಂಗತಿಯ ರಜ ನೆಂಪು ಮಡಿಕ್ಕೊಳ್ಳಿ, ಮುಂದೆ ಬೇಕಾವುತ್ತು.

ಮಗಳು ಕಲಿವ ಹೊತ್ತಿಂಗೆ ಅಪ್ಪಂಗೆ ಪ್ರಾಯ ಆಗಿತ್ತು. ಹಾಂಗಾಗಿ ರಮಾಬಾಯಿಗೆ ಪಾಠ ಹೇಳಿದ್ದು ಅಮ್ಮ. ಬೆಣ್ಚಿ ಅಪ್ಪಂದ ಮದಲೇ ಮಗಳ ಏಳುಸಿ, ಹಕ್ಕಿಗೊ ಕೂಗುಲೆ ಸುರುಮಾಡುವ ಹೊತ್ತಿಂಗೆ ಶ್ಲೋಕ ಬಾಯಿಪಾಠ. ಹಗಲಿಡೀ ಬೇರೆ ಕೆಲಸ ಇದ್ದನ್ನೆ. (ಅಮ್ಮಂದ್ರಿಂಗೆ ಪುರುಸೊತ್ತು ಸಿಕ್ಕುದು ಈಗಳೂ ಅದೇ ಹೊತ್ತಿಂಗೆ.)

ಆದರೆ ಈ ಪಾಠ ನಡದ್ದು ಗಂಗಾಮೂಲಲ್ಲಿ ಅಲ್ಲ. ಮಗಳಿಂಗೆ ಆರು ತಿಂಗಳಪ್ಪಗಳೇ ಕೈಲಿದ್ದ ಆಸ್ತಿ ಕರಗಿ, ಶಿಶುವ ಬೆತ್ತದ ಪೆಟ್ಟಿಗೆಲಿ ಹಾಕಿ ಗುಡ್ಡೆ ಇಳುದಿತ್ತಿದ್ದವು. ಮತ್ತೆ ವರ್ಷಗಟ್ಲೆ ತೀರ್ಥಯಾತ್ರೆ, ದೇವಸ್ಥಾನಂಗಳಲ್ಲಿ ಪುರಾಣ ಓದುದು. ಬರಗಾಲದ ದಿನಂಗಳಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬೊಬ್ಬನೇ ಹೋದವು. 1878ರಲ್ಲಿ ಕಲಕತ್ತೆಗೆ ಎತ್ತುವಗ ಒಳುದ್ದು ಅಣ್ಣಂದೆ ತಂಗೆಯುದೆ ಮಾಂತ್ರ. ಅಲ್ಯಾಣ ವಿದ್ವಾಂಸರು ಪರೀಕ್ಷೆ ಮಾಡಿ 'ಪಂಡಿತಾ', 'ಸರಸ್ವತಿ' ಹೇಳಿ ಬಿರುದು ಕೊಟ್ಟವು. ಎರಡು ವರ್ಷಲ್ಲಿ ಅಣ್ಣನೂ ಇಲ್ಲೆ. ಬಂಗಾಳದ ಒಬ್ಬ ವಕೀಲರ ಮದುವೆ ಆದವು. 1882ರಲ್ಲಿ ಕಾಲರಾ ಬಂದು ಅವುದೆ ತೀರಿಹೋದವು. ರಮಾಬಾಯಿಗೆ ಅಂಬಗ 23 ವರ್ಷ, ಮಗಳು ಮನೋರಮಂಗೆ ಒಂದು ವರ್ಷವೂ ತುಂಬಿತ್ತಿಲ್ಲೆ.

ವೈದ್ಯ ಕಲಿಯೆಕ್ಕು ಹೇಳಿ 1883ರಲ್ಲಿ ಮಗಳ ಕರಕ್ಕೊಂಡು ಇಂಗ್ಲೆಂಡಿನ ಹಡಗು ಹತ್ತಿದವು. ಪೈಸೆ ಆರದ್ದು ಹೇಳಿ ನಾವು ಮದಾಲು ಕೇಳುಗು. ಅವರದ್ದೇ. 'ಸ್ತ್ರೀಧರ್ಮನೀತಿ' ಹೇಳಿ ಮರಾಠಿಲಿ ಪುಸ್ತಕ ಬರದು ಮಾರಿ ಬಂದ ಪೈಸೆ. ವಾಂಟೇಜ್ ಹೇಳುವ ಊರಿಲಿ ಕ್ರೈಸ್ತ ಸನ್ಯಾಸಿನಿಯರ ಮಠಲ್ಲಿ ಬಿಡಾರ. ಪುಣೆಗೆ ಬಪ್ಪಲಿಪ್ಪ ಸನ್ಯಾಸಿನಿಯರಿಂಗೆ ಇವು ಮರಾಠಿ ಕಲಿಶೆಕ್ಕು, ಅವು ಇವಕ್ಕೆ ಇಂಗ್ಲಿಷ್ ಕಲಿಶೆಕ್ಕು ಹೇಳುವ ಒಪ್ಪಂದ. ಅದೇ ವರ್ಷ ಅವು ಕ್ರೈಸ್ತಮತಕ್ಕೆ ಸೇರಿದವು. ಅದರಿಂದ ಇಲ್ಲಿ ಆದ ಗಲಾಟೆ ಬೇರೆಯೇ ಕತೆ. ಕೆಮಿ ಮಂದ ಆದ ಕಾರಣ ವೈದ್ಯ ಕಲಿವ ಆಶೆ ಬಿಡೆಕ್ಕಾತು.

ಅದರ ಮತ್ತೆ, 1884ರಲ್ಲಿ, ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜು. ಅಲ್ಯಾಣ ದೊಡ್ಡ ಟೀಚರು ಡೊರೊಥಿಯಾ ಬೀಲ್. ರಮಾಬಾಯಿ ಅಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಕಲ್ತವು, ಸಂಸ್ಕೃತ ಕಲಿಶಿದವು. ಅಮ್ಮ ಕಸ್ತಲೆಲಿ ಏಳುಸಿ ಬಾಯಿಪಾಠ ಮಾಡ್ಸಿದ ಅದೇ ಸಂಸ್ಕೃತ.

ಭಾರತಕ್ಕೆ ಬಪ್ಪಲೆ ತಯಾರಾವುತ್ತ ಜವ್ವನಿಗರಿಂಗುದೆ ಅವು ಪಾಠ ಮಾಡ್ಲಿ ಹೇಳುವ ಮಾತು 1885ರಲ್ಲಿ ಬಂತು. ಬೀಲ್ ಅಕ್ಕಂಗೆ ಮನಸ್ಸಿತ್ತು. ಆದರೆ ಲಾಹೋರ್, ಬೊಂಬಾಯಿಯ ಬಿಷಪರುಗೊ ಅಪ್ಪಲೇ ಆಗ ಹೇಳಿದವು: ಹೆಣ್ಣು ಗೆಂಡುಮಕ್ಕೊಗೆ ಕಲಿಶಿದ್ದು ಗೊಂತಾದರೆ ಭಾರತಲ್ಲಿ ಅದರ ಹೆಸರು ಹಾಳಕ್ಕು. ನೋಡಿ ಅಂಬಗ. ಕಲಕತ್ತೆಲಿ ಗೆಂಡುಮಕ್ಕಳ ಸಭೆಲೇ ಮಾತಾಡಿ ಬಿರುದು ತೆಕ್ಕೊಂಡವಕ್ಕೆ, ಅವರ ದೇಶದ ಮರ್ಯಾದಿ ಎಂತರ ಹೇಳಿ ಇವು ಕಲಿಶುದು! ರಮಾಬಾಯಿ ಸುಮ್ಮನೆ ಕೂಯಿದವಿಲ್ಲೆ. ಬೀಲ್ ಅಕ್ಕಂಗೆ ಕಾಗದ ಬರದವು: ಎನ್ನ ಅಮ್ಮಂದೆ ಆನುದೆ ಜವ್ವನಿಗರಿಂಗೆ ಕಲಿಶುವಗ ಅಪ್ಪನೂ ಆಕ್ಷೇಪ ಮಾಡಿದ್ದವಿಲ್ಲೆ, ಗೆಂಡನೂ ಮಾಡಿದ್ದವಿಲ್ಲೆ, ಇಂಗ್ಲಿಷರು ಮಾಡುದು ಕಂಡು ಎನಗೆ ಆಶ್ಚರ್ಯ ಆವುತ್ತು, ಹೇಳುವ ಅರ್ಥಲ್ಲಿ. ಆ ಕಾಗದ ಈಗಳೂ ಇದ್ದು, ಅಚ್ಚಾಯಿದು. ಉಡುಪಿಲಿ ಅಪ್ಪಂಗೆ ಬಂದ ಪ್ರಶ್ನೆ ಮಗಳಿಂಗೆ ಏಳು ಸಮುದ್ರದ ಆಚಿಕೆ ಎದುರಾದ್ದು. ಎನಗೆ ಈ ಕತೆಲಿ ಮನಸ್ಸಿಂಗೆ ತಟ್ಟಿದ ಜಾಗೆ ಇದುವೇ.

ಊಟದ್ದುದೆ ಹಾಂಗೆ. ಮತ ಬದಲಿದರೂ ಮಾಂಸ, ಮೀನು ಮುಟ್ಟಿದ್ದವಿಲ್ಲೆ. ಉಡುದು ಬೆಳಿ ಸೀರೆಯೇ. ಆ ಚಳಿಗೆ ಸೀರೆ ಉಟ್ಟು, ಬೇಶಿದ ತರಕಾರಿಲಿ ಹೇಂಗೆ ದಿನ ಕಳುದವೋ! ಮಠಲ್ಲಿ ಇದರ ಬಗ್ಗೆಯೂ ಮಾತು ಬಂದುಗೊಂಡೇ ಇತ್ತು.

"ಕೂಸಿನ ಆರು ನೋಡಿಗೊಂಡದು?" ಕೇಳಿದವು ಎಂಗಳ ಅತ್ತೆ. ಮನೋರಮ ಹೆಚ್ಚಾಗಿ ವಾಂಟೇಜಿನ ಸನ್ಯಾಸಿನಿಯರ ಹತ್ರೆ. ಕೂಸಿನ ಹೇಂಗೆ ಬೆಳೆಶೆಕ್ಕು, ಎಂತ ಕಲಿಶೆಕ್ಕು ಹೇಳಿ ಅವಕ್ಕುದೆ ಅಬ್ಬೆಗುದೆ ಎಳದಾಟ. ಸಾಂಕುವವರ ಹತ್ರೆ ಜಗಳ ಮಾಡಿಕ್ಕಿ ಮರದಿನ ಮಗಳ ಅವರ ಕೈಲೇ ಬಿಡುದು ಎಷ್ಟು ಕಷ್ಟ ಹೇಳಿ, ಕೆಲಸಕ್ಕೆ ಹೋದ ಅಬ್ಬೆಕ್ಕೊಗೆ ಆನು ಬರದು ಹೇಳೆಕ್ಕಾದ್ದಿಲ್ಲೆ.

1886ರಲ್ಲಿ ಫಿಲಡೆಲ್ಫಿಯಂದ ಹೇಳಿಕೆ ಬಂತು. ದೂರದ ನೆಂಟತಿ ಆನಂದೀಬಾಯಿ ಜೋಶಿ ಅಲ್ಲಿ ಡಾಕ್ಟರ ಕಲ್ತು, ಮಾರ್ಚ್ 11ಕ್ಕೆ ಪದವಿ ತೆಕ್ಕೊಂಬದು. ಅದರ ನೋಡ್ಲೆ ಹೋದವು ಮೂರು ವರ್ಷದ ಹತ್ರೆ ಅಮೇರಿಕಲ್ಲೇ ನಿಂದವು. ಐದು ವರ್ಷದ ಮಗಳ ಅದೇ ವರ್ಷ ಇಂಗ್ಲೆಂಡಿಂಗೆ ತಿರುಗಿ ಕಳುಸಿದವು. ಊರೂರು ತಿರುಗಿ ಭಾಷಣ, ಸಣ್ಣ ಮಕ್ಕೊಗೆ ಆಟಲ್ಲಿ ಕಲಿಶುವ ಕಿಂಡರ್‌ಗಾರ್ಟನಿನ ಅಭ್ಯಾಸ. 1887ರಲ್ಲಿ ನಮ್ಮ ಬಾಲವಿಧವೆಯರ ಪಾಡಿನ ಬಗ್ಗೆ ಇಂಗ್ಲಿಷಿಲಿ ಪುಸ್ತಕ ಬರದವು. ಅದೇ ವರ್ಷ ಬೋಸ್ಟನಿಲಿ, ಅವರ ಶಾಲಗೆ ಹತ್ತು ವರ್ಷ ಪೈಸೆ ಕೊಡ್ಲೆ ಸಂಘ ಕಟ್ಟಿದವು. ಅಮೇರಿಕದ ಬಗ್ಗೆ ಅವು ಮರಾಠಿಲಿ ಬರದ ಪುಸ್ತಕಲ್ಲಿ ಬರೇ ಹೊಗಳಿಕೆ ಇಲ್ಲೆ. ಕಪ್ಪು ಜನಂಗೊಕ್ಕೆ, ಅಲ್ಯಾಣ ಮೂಲನಿವಾಸಿಗೊಕ್ಕೆ ಮಾಡಿದ ಅನ್ಯಾಯವನ್ನುದೆ ಬರದ್ದವು.

1889ರ ಮಾರ್ಚ್ 11ಕ್ಕೆ, ಆನಂದೀಬಾಯಿಯ ಪದವಿಯ ತಾರೀಕಿಂಗೇ, ಬೊಂಬಾಯಿಲಿ 'ಶಾರದಾ ಸದನ' ತೆಗದವು. ಸುರುವಾಣ ವಿದ್ಯಾರ್ಥಿನಿಯರಲ್ಲಿ ಒಬ್ಬರು ಗೋದೂಬಾಯಿ ಹೇಳುವ ವಿಧವೆ. ಮುಂದೆ ಧೋಂಡೊ ಕೇಶವ ಕರ್ವೆಯವರ ಮದುವೆ ಆದ್ದು ಅವ್ವೇ.

ಇಷ್ಟು ಹೇಳುವಗ ಚಾಪೆ ತುಂಬ ಹಪ್ಪಳ ಆಗಿತ್ತು. ಚಿಕ್ಕಮ್ಮ ಕೈ ತೊಳಕ್ಕೊಂಡು ಕೇಳಿದ್ದು ಒಂದೇ: "ನಮ್ಮ ಕೂಸಿನ ಕ್ಲಾಸಿಲಿ ಮಾಣಿಯಂಗಳುದೆ ಇಕ್ಕೋ?"

ಇಕ್ಕು ಹೇಳಿದೆ.